ತಾಳಮದ್ದಲೆಯ ಕ್ಯಾಸೆಟ್‌ಗಳನ್ನು ಆಡಿಯೋ ಸಿ.ಡಿ. ಮಾಡಲು ಯಾವ ತಂತ್ರಾಂಶ ಸೂಕ್ತ?

ಪ್ರಶ್ನೆ: ಬ್ರಹ್ಮಾವರದವನು

ನಮ್ಮ ಮನೆಯಲ್ಲಿ ತಾಳಮದ್ದಲೆಯ, ಅಂದರೆ ವೇಷವಿಲ್ಲದೆ ಕುಳಿತು ಹಾಡು ಮತ್ತು ಮಾತುಗಳಲ್ಲಿಯೇ ನಡೆಸುವ ಯಕ್ಷಗಾನ ಕೂಟದ, 14 ಕ್ಯಾಸೆಟ್‌ಗಳಿವೆ. ಎಲ್ಲವೂ ಸಿ-90, ಅಂದರೆ ಒಂದು ಬದಿಗೆ 45 ನಿಮಿಷದವು. ಮೂವತ್ತು ಮೂವತ್ತೈದು ವರ್ಷಗಳ ಹಿಂದೆ ನನ್ನ ದೊಡ್ಡಪ್ಪ ಕೂಟ ನಡೆಯುವಲ್ಲಿಗೆಲ್ಲ ಟೇಪ್ ರೆಕಾರ್ಡರನ್ನು ಚೀಲದಲ್ಲಿ ಹೊತ್ತುಕೊಂಡು ಹೋಗಿ, ಭಾಗವತರ ಎದುರಿಗೆ ಇಟ್ಟು ತುಂಬಿಸಿಕೊಂಡವು. ಅವರಿಗೆ ಈಗ 82 ವರ್ಷ. ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿದೆ. ಟೇಪ್ ರೆಕಾರ್ಡರ್ ಕೆಟ್ಟುಹೋದ ಮೇಲೆ ಅವರ ಕೋಣೆಯಲ್ಲಿ ಉಳಿದಿರುವುದು ಒಂದು ಹಳೆಯ ಸಿ.ಡಿ. ಪ್ಲೇಯರ್ ಮಾತ್ರ, ಅದರ ಗುಂಡಿಗಳು ಅವರ ಬೆರಳಿಗೆ ಅಭ್ಯಾಸವಾಗಿವೆ. ಆದ್ದರಿಂದ ಈ ಕ್ಯಾಸೆಟ್‌ಗಳನ್ನು ಆಡಿಯೋ ಸಿ.ಡಿ.ಗಳಾಗಿ ಮಾಡಿಕೊಡಬೇಕೆಂದು ಹೊರಟಿದ್ದೇನೆ.

ಈಗಾಗಲೇ ಎರಡು ಸಲ ಎಡವಿದ್ದೇನೆ. ಒಂದು ಕ್ಯಾಸೆಟ್ಟನ್ನು ಲ್ಯಾಪ್‌ಟಾಪಿಗೆ ಇಳಿಸಿ, ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸಿ.ಡಿ. ಮಾಡಿಸಿದೆ. ಅವರು ಎಂ.ಪಿ.3 ಕಡತಗಳನ್ನು ಇದ್ದ ಹಾಗೆಯೇ ಡೇಟಾ ಸಿ.ಡಿ.ಯಾಗಿ ತುಂಬಿಸಿ ಕೊಟ್ಟಿದ್ದರು. ದೊಡ್ಡಪ್ಪನ ಪ್ಲೇಯರ್ ಅದನ್ನು ಅರ್ಧ ನಿಮಿಷ ತಿರುಗಿಸಿ ನೋಡಿ, ಒಳಗೆ ಡಿಸ್ಕೇ ಇಲ್ಲವೆಂದು ತೋರಿಸಿ ಸುಮ್ಮನಾಯಿತು. ಅನಂತರ ನಾನೇ ಯು.ಎಸ್.ಬಿ.ಯ ಡಿ.ವಿ.ಡಿ. ರೈಟರ್ ಒಂದನ್ನು ಕೊಂಡು, ಪುಕ್ಕಟೆ ಸಿಕ್ಕಿದ ಒಂದು ತಂತ್ರಾಂಶದಲ್ಲಿ ಪ್ರತಿಯೊಂದು ಪದವನ್ನೂ (ಭಾಗವತರ ಹಾಡು) ಅದರ ಬೆನ್ನಿಗೆ ಬರುವ ಅರ್ಥವನ್ನೂ (ಅರ್ಥಧಾರಿಯ ಮಾತು) ಬೇರೆ ಬೇರೆ ಟ್ರ್ಯಾಕ್ ಮಾಡಿ ಬರೆದೆ. ಈ ಸಲ ಸಿ.ಡಿ. ಓಡಿತು, ಆದರೆ ಪ್ರತಿ ಟ್ರ್ಯಾಕಿನ ಕೊನೆಗೆ ಎರಡು ಸೆಕೆಂಡು ಪೂರ್ತಿ ಮೌನ. ಪದ ಮುಗಿದು ಚೆಂಡೆಯ ಮುಕ್ತಾಯದ ಪೆಟ್ಟು ಬೀಳುವುದಕ್ಕೂ ಅರ್ಥಧಾರಿ ಬಾಯಿ ತೆರೆಯುವುದಕ್ಕೂ ನಡುವೆ ಕತ್ತರಿಸಿದಂತೆ ನಿಶ್ಶಬ್ದ. ದೊಡ್ಡಪ್ಪ ಮೂರು ಪದ ಕೇಳಿ, “ಎಂತ ಮಾರಾಯ, ಭಾಗವತರಿಗೆ ಮಧ್ಯೆ ಮಧ್ಯೆ ಉಸಿರು ಕಟ್ಟಿತಾ?” ಎಂದು ಕೇಳಿದರು.

ನನಗೆ ಬೇಕಾದದ್ದು ಇಷ್ಟು: ಮುಂದಿನ ಗುಂಡಿ ಒತ್ತಿದರೆ ಮುಂದಿನ ಪದಕ್ಕೆ ಹೋಗಬೇಕು, ಒತ್ತದೆ ಬಿಟ್ಟರೆ ಇಡೀ ಕೂಟ ಎಲ್ಲಿಯೂ ತುಂಡಾಗದೆ ಕೇಳಿಸಬೇಕು. ಸಾಧ್ಯವಾದರೆ ಪ್ರಸಂಗದ ಹೆಸರೂ ಪದದ ಮೊದಲ ಸಾಲೂ ಕನ್ನಡದಲ್ಲಿ ಪ್ಲೇಯರಿನ ಪರದೆಯ ಮೇಲೆ ಬರಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇದೆ. ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದೆ. ಹಣ ಕೊಟ್ಟು ಕೊಳ್ಳುವುದೇ ಅನಿವಾರ್ಯವಾದರೆ ಅದಕ್ಕೂ ಸಿದ್ಧ. ಯಾವ ತಂತ್ರಾಂಶವನ್ನು ಆರಿಸಿಕೊಳ್ಳಲಿ?

ಉತ್ತರ 1: ಮಣಿಪಾಲದಿಂದ

ತಂತ್ರಾಂಶದ ಹೆಸರಿಗೆ ಬರುವ ಮೊದಲು, ನಿಮ್ಮ ಆ ಎರಡು ಸೆಕೆಂಡು ಎಲ್ಲಿಂದ ಬಂತು ಎಂಬುದನ್ನು ಹೇಳಿಬಿಡುತ್ತೇನೆ. ಅದು ತಿಳಿದರೆ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ.

ಸಿ.ಡಿ. ಬರೆಯುವುದರಲ್ಲಿ ಮುಖ್ಯವಾಗಿ ಎರಡು ಕ್ರಮಗಳಿವೆ. ಒಂದು ‘ಟ್ರ್ಯಾಕ್ ಅಟ್ ಒನ್ಸ್’. ಇದರಲ್ಲಿ ರೈಟರ್ ಒಂದು ಟ್ರ್ಯಾಕನ್ನು ಬರೆದು ಮುಗಿಸಿ, ಬರೆಯುವ ಲೇಸರನ್ನು ನಿಲ್ಲಿಸಿ, ಮತ್ತೆ ಹೊಸದಾಗಿ ಮುಂದಿನದನ್ನು ಆರಂಭಿಸುತ್ತದೆ. ನಡುವೆ ಅಂತರ ಉಳಿದೇ ಉಳಿಯುತ್ತದೆ. ಇನ್ನೊಂದು ‘ಡಿಸ್ಕ್ ಅಟ್ ಒನ್ಸ್’. ಇದರಲ್ಲಿ ಆರಂಭದಿಂದ ಕೊನೆಯ ತನಕ ಲೇಸರ್ ನಿಲ್ಲುವುದೇ ಇಲ್ಲ, ಟ್ರ್ಯಾಕ್ ಎಂಬುದು ಹರಿಯುವ ಧ್ವನಿಯ ಮೇಲೆ ಹಾಕಿದ ಒಂದು ಗುರುತು ಮಾತ್ರ. ನಿಮಗೆ ಬೇಕಾದದ್ದು ಎರಡನೆಯದು. ಆದರೆ ಈ ಕ್ರಮವನ್ನು ಆರಿಸಿಕೊಂಡರೂ ಅನೇಕ ತಂತ್ರಾಂಶಗಳು ಸಿನಿಮಾ ಹಾಡುಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಪ್ರತಿ ಟ್ರ್ಯಾಕಿನ ಮುಂದೆ ತಾವಾಗಿಯೇ 2 ಸೆಕೆಂಡು ಸೇರಿಸುತ್ತವೆ. ಅದನ್ನು ಸೊನ್ನೆ ಮಾಡುವ ಅವಕಾಶ ಇರಲೇಬೇಕು. ಮೊದಲನೆಯ ಟ್ರ್ಯಾಕಿನ ಮುಂದಿನ 2 ಸೆಕೆಂಡನ್ನು ಮಾತ್ರ ಯಾರೂ ತೆಗೆಯಲಾರರು. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ ರೂಪಿಸಿದ ‘ರೆಡ್ ಬುಕ್’ ಎಂಬ ನಿಯಮಾವಳಿಯಲ್ಲಿಯೇ ಅದು ಇದೆ.

ಈ ನಿಯಮಾವಳಿಯ ಇನ್ನೊಂದು ಅಂಶ ನಿಮ್ಮ ಕೆಲಸಕ್ಕೆ ನೇರವಾಗಿ ತಾಗುತ್ತದೆ. ಆಡಿಯೋ ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು 75 ಫ್ರೇಮುಗಳಾಗಿ ಹಂಚಿರುತ್ತಾರೆ. ಧ್ವನಿಯಿಂದ ತೆಗೆದ ಅಳತೆಗಳು, ಅಂದರೆ ಮಾದರಿಗಳು, ಪ್ರತಿ ಸೆಕೆಂಡಿಗೆ 44,100 ಆದ್ದರಿಂದ ಒಂದು ಫ್ರೇಮಿಗೆ 588 ಮಾದರಿಗಳು. ಟ್ರ್ಯಾಕು ಫ್ರೇಮಿನ ಗಡಿಯಲ್ಲಿಯೇ ಆರಂಭವಾಗಬೇಕು, ನಡುವಿನಲ್ಲಿ ಆಗದು. ನೀವು ಕಡತವನ್ನು ಕಂಡಕಂಡಲ್ಲಿ ಕತ್ತರಿಸಿದರೆ ಕೊನೆಯ ಫ್ರೇಮಿನಲ್ಲಿ ಉಳಿದ ಜಾಗವನ್ನು ತಂತ್ರಾಂಶ ಮೌನದಿಂದ ತುಂಬುತ್ತದೆ. ಅದು ಸೆಕೆಂಡಿನ 75ನೆಯ ಒಂದು ಭಾಗಕ್ಕಿಂತಲೂ ಕಡಿಮೆ, ಆದರೂ ಶ್ರುತಿ ಹಿಡಿದಿರುವ ಜಾಗದಲ್ಲಿ ‘ಟಕ್’ ಎಂದು ಕೇಳಿಸುತ್ತದೆ. ನಿಮ್ಮ ದೊಡ್ಡಪ್ಪನವರ ಕಿವಿ ಅದನ್ನು ಬಿಡುವಂತೆ ಕಾಣುವುದಿಲ್ಲ.

ಆದ್ದರಿಂದ ನನ್ನ ಸಲಹೆ, ಕತ್ತರಿಸಲೇಬೇಡಿ ಎಂಬುದು. ಒಂದು ಸಿ.ಡಿ.ಗೆ ಒಂದೇ ಉದ್ದನೆಯ ವೇವ್ ಕಡತ ಮಾಡಿ, ಜೊತೆಗೆ ‘ಕ್ಯೂ ಶೀಟ್’ ಎಂಬ ಚಿಕ್ಕ ಪಠ್ಯ ಕಡತವನ್ನು ಇಡಿ. ಅದರಲ್ಲಿ ಯಾವ ಟ್ರ್ಯಾಕ್ ಎಲ್ಲಿ ಆರಂಭವಾಗುತ್ತದೆ ಎಂದು ನಿಮಿಷ, ಸೆಕೆಂಡು, ಫ್ರೇಮುಗಳಲ್ಲಿ ಬರೆದಿರುತ್ತದೆ. ನೋಟ್‌ಪ್ಯಾಡಿನಲ್ಲಿಯೇ ಬರೆಯಬಹುದು. ಒಂದು ಎಚ್ಚರಿಕೆ: 12:34:50 ಎಂದು ಬರೆದರೆ ಕೊನೆಯ 50 ಸೆಕೆಂಡಿನ ನೂರನೆಯ ಭಾಗಗಳಲ್ಲ, 75ರಲ್ಲಿ 50 ಫ್ರೇಮುಗಳು, ಅಂದರೆ ಸೆಕೆಂಡಿನ ಮೂರರಲ್ಲಿ ಎರಡು ಪಾಲು. ಅಲ್ಲಿ 74ಕ್ಕಿಂತ ದೊಡ್ಡ ಸಂಖ್ಯೆ ಬರುವಂತಿಲ್ಲ. ನಾನು ಮೊದಲ ಸಲ 80, 90 ಎಂದೆಲ್ಲ ಬರೆದು, ತಂತ್ರಾಂಶ ಏಕೆ ಮುನಿಸಿಕೊಂಡಿತೆಂದು ತಿಳಿಯದೆ ಒಂದು ಸಂಜೆ ಕಳೆದಿದ್ದೇನೆ.

ವಿಂಡೋಸಿನಲ್ಲಿ ಈ ಕೆಲಸಕ್ಕೆ ನಾನು ಬಳಸುವುದು ಇಮ್ಗ್‌ಬರ್ನ್. 2013ರ 2.5.8.0 ಆವೃತ್ತಿಯ ಅನಂತರ ಹೊಸದು ಬಂದಿಲ್ಲ, ನೋಡಲಿಕ್ಕೂ ಹಳೆಯ ಕಾಲದ್ದೇ. ಆದರೂ ಕ್ಯೂ ಶೀಟ್ ಕೊಟ್ಟರೆ ಅದರಲ್ಲಿ ಇದ್ದದ್ದನ್ನು ಇದ್ದಂತೆಯೇ ಬರೆಯುತ್ತದೆ, ಹಣ ಕೊಡಬೇಕಾಗಿಯೂ ಇಲ್ಲ. ಇಂತಹ ಪುಕ್ಕಟೆ ತಂತ್ರಾಂಶಗಳನ್ನು ಸ್ಥಾಪಿಸುವಾಗ ನಡುವೆ ಬೇರೆ ಏನೇನನ್ನೋ ಸೇರಿಸಲೇ ಎಂದು ಕೇಳುವುದುಂಟು, ಓದದೆ ‘ಮುಂದೆ’ ಒತ್ತುತ್ತ ಹೋಗಬೇಡಿ. ಕ್ಯೂ ಶೀಟಿನ ಗೋಜು ಬೇಡವೆಂದಾದರೆ ಸಿಡಿಬರ್ನರ್ ಎಕ್ಸ್‌ಪಿ ಸುಲಭ. ಹೆಸರಿನಲ್ಲಿ ಎಕ್ಸ್‌ಪಿ ಇದ್ದರೂ ಆಮೇಲಿನ ವಿಂಡೋಸ್‌ಗಳಲ್ಲಿಯೂ ನಡೆಯುತ್ತದೆ, ಟ್ರ್ಯಾಕುಗಳ ನಡುವೆ ಅಂತರವಿಲ್ಲದೆ ಬರೆಯಬಲ್ಲದು. ವಿಂಡೋಸಿನ ಹಳೆಯ ಮೀಡಿಯಾ ಪ್ಲೇಯರ್ 12ರಲ್ಲಿಯೂ ಅಂತರವಿಲ್ಲದೆ ಬರೆಯುವ ಆಯ್ಕೆ ಇದೆ. ಆದರೆ ಇವೆರಡರಲ್ಲಿಯೂ ಪದಗಳನ್ನು ಬೇರೆ ಬೇರೆ ಕಡತಗಳಾಗಿ ಕೊಡಬೇಕಾದ್ದರಿಂದ ಫ್ರೇಮಿನ ಗಡಿಯಲ್ಲಿ ಕತ್ತರಿಸುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ. ನೀರೋದಂತಹ ಹಣದ ತಂತ್ರಾಂಶ ಈ ಒಂದು ಕೆಲಸಕ್ಕೆ ಅಗತ್ಯವಿಲ್ಲ.

ಪರದೆಯ ಮೇಲೆ ಕನ್ನಡದ ಆಸೆಯನ್ನು ಬಿಟ್ಟುಬಿಡಿ. ಅದಕ್ಕಿರುವ ವ್ಯವಸ್ಥೆ ಸಿ.ಡಿ. ಟೆಕ್ಸ್ಟ್. ಅದರಲ್ಲಿ ರೋಮನ್ ಲಿಪಿಗೂ ಜಪಾನೀ ಲಿಪಿಗೂ ಜಾಗ ಮಾಡಿದ್ದಾರೆ, ಕನ್ನಡಕ್ಕೆ ಮಾಡಿಲ್ಲ. ಮೇಲಾಗಿ ಹಳೆಯ ಪ್ಲೇಯರುಗಳಲ್ಲಿ ಹೆಚ್ಚಿನವು ಟ್ರ್ಯಾಕಿನ ಸಂಖ್ಯೆಯನ್ನಲ್ಲದೆ ಬೇರೇನನ್ನೂ ತೋರಿಸುವುದಿಲ್ಲ.

ಉತ್ತರ 2: ಕದ್ರಿ, ಮಂಗಳೂರು

ಮೇಲಿನ ವಿವರಣೆ ಸರಿಯಾಗಿಯೇ ಇದೆ. ಆದರೂ ಇಷ್ಟೆಲ್ಲ ಶ್ರಮ ಏಕೆಂಬ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕಲ್ಲ, ನಾನೇ ಕೇಳುತ್ತೇನೆ. ಖಾಲಿ ಸಿ.ಡಿ. ಇರುವ ಅಂಗಡಿಗಾಗಿ ಹಂಪನಕಟ್ಟೆಯಲ್ಲಿ ನಾನು ಕಳೆದ ಸಲ ನಾಲ್ಕು ಕಡೆ ಮೆಟ್ಟಿಲು ಹತ್ತಿದ್ದೇನೆ. ಒಂದು ಆಡಿಯೋ ಸಿ.ಡಿ.ಯಲ್ಲಿ ಹಿಡಿಯುವುದು ಹೆಚ್ಚೆಂದರೆ 80 ನಿಮಿಷ. ನಿಮ್ಮ ಸಿ-90 ಕ್ಯಾಸೆಟ್ ಒಂದೂ ಒಂದು ಸಿ.ಡಿ.ಯೊಳಗೆ ಕೂರುವುದಿಲ್ಲ. ಒಂದು ಬದಿಗೆ ಒಂದರಂತೆ ಮಾಡಿದರೆ 28 ಸಿ.ಡಿ.ಗಳು. ಅದೇ 1,260 ನಿಮಿಷವನ್ನು ಎಂ.ಪಿ.3 ಮಾಡಿ ಒಂದು ಪೆನ್ ಡ್ರೈವಿಗೆ ಹಾಕಿದರೆ ಜಾಗ ಇನ್ನೂ ಉಳಿಯುತ್ತದೆ. ಪೆನ್ ಡ್ರೈವ್ ಹಾಕುವ ಚಿಕ್ಕ ಪೆಟ್ಟಿಗೆ ಪ್ಲೇಯರುಗಳು ಕಡಿಮೆ ಬೆಲೆಗೆ ಸಿಗುತ್ತವೆ. ನಮ್ಮ ಮನೆಯಲ್ಲಿ ಅತ್ತೆಯವರಿಗೆ ಭಜನೆಗಳನ್ನು ಹಾಗೆಯೇ ತುಂಬಿಸಿ ಕೊಟ್ಟಿದ್ದೇವೆ. ಸಿ.ಡಿ.ಯ ಹಂಬಲ ನಿಮ್ಮದೋ ದೊಡ್ಡಪ್ಪನವರದೋ ಎಂದು ಒಮ್ಮೆ ಯೋಚಿಸಿ.

ಬ್ರಹ್ಮಾವರದವನು

ಪೆನ್ ಡ್ರೈವಿನ ಪೆಟ್ಟಿಗೆಯನ್ನು ಕಳೆದ ವರ್ಷವೇ ತಂದುಕೊಟ್ಟಿದ್ದೆವು. ಅದರ ಗುಂಡಿಗಳು ಮೆಣಸಿನ ಕಾಳಿನಷ್ಟು ಚಿಕ್ಕವು, ಎಲ್ಲವೂ ಒಂದೇ ಆಕಾರದವು. ಒಂದೇ ಗುಂಡಿಯನ್ನು ಮೆಲ್ಲಗೆ ಒತ್ತಿದರೆ ಒಂದು ಕೆಲಸ, ಹಿಡಿದು ಒತ್ತಿದರೆ ಇನ್ನೊಂದು. ಒಂದು ಮಧ್ಯಾಹ್ನ ಅದು ಹೇಗೋ ರೇಡಿಯೋಗೆ ತಿರುಗಿ, ಮತ್ತೆ ಹಿಂದಕ್ಕೆ ಬಾರದೆ, ದೊಡ್ಡಪ್ಪ ಅದನ್ನು ಕಪಾಟಿನೊಳಗೆ ಇಟ್ಟವರು ಮತ್ತೆ ಹೊರಗೆ ತೆಗೆದಿಲ್ಲ. ಸಿ.ಡಿ. ಪ್ಲೇಯರಿನಲ್ಲಾದರೆ ಡಿಸ್ಕನ್ನು ಕೈಯಲ್ಲಿ ಹಿಡಿದು ಹಾಕುವುದು ಅವರಿಗೆ ಇಷ್ಟ. ಹಂಬಲ ಅವರದ್ದೇ. 28 ಸಿ.ಡಿ.ಗಳ ಲೆಕ್ಕ ಮಾತ್ರ ನನಗೂ ಹೊಳೆದಿರಲಿಲ್ಲ. ಅದಕ್ಕೇನಾದರೂ ಉಪಾಯ ಇದೆಯೇ?

ಉತ್ತರ 3: ಕಲ್ಸಂಕ, ಉಡುಪಿ

ಧ್ವನಿಮುದ್ರಣದ ಕೆಲಸದಲ್ಲಿ ಕೆಲವು ವರ್ಷ ಇದ್ದವನಾದ್ದರಿಂದ ಒಂದೆರಡು ಮಾತು ಸೇರಿಸುತ್ತೇನೆ.

ಸಿ.ಡಿ.ಗಳ ಸಂಖ್ಯೆಯ ಬಗ್ಗೆ: ಕ್ಯಾಸೆಟ್ಟಿನ ಬದಿಯನ್ನು ಅಳತೆಯಾಗಿ ಇಟ್ಟುಕೊಳ್ಳಬೇಡಿ, ಪ್ರಸಂಗವನ್ನು ಇಟ್ಟುಕೊಳ್ಳಿ. ನಾಲ್ಕು ಗಂಟೆಯ ಒಂದು ಕೂಟಕ್ಕೆ ಮೂರು ಕ್ಯಾಸೆಟ್ ಹಿಡಿದಿರಬಹುದು, ಅಂದರೆ ಆರು ಬದಿ. ಆ ನಾಲ್ಕು ಗಂಟೆಯನ್ನು ಮೊದಲು ಒಂದೇ ಧ್ವನಿಯಾಗಿ ಜೋಡಿಸಿ, ಅನಂತರ 80 ನಿಮಿಷದೊಳಗೆ ಬರುವ ಹಾಗೆ ಒಂದು ಪದದ ಆರಂಭ ನೋಡಿ ಭಾಗ ಮಾಡಿದರೆ ಮೂರೋ ನಾಲ್ಕೋ ಸಿ.ಡಿ. ಸಾಕು. ಒಟ್ಟು 28ರ ಬದಲು ಹದಿನೆಂಟು ಇಪ್ಪತ್ತರೊಳಗೆ ಮುಗಿಯಬಹುದು. 80 ನಿಮಿಷವನ್ನು ತುದಿಮುಟ್ಟ ತುಂಬಿಸಬೇಡಿ, 77–78ಕ್ಕೆ ನಿಲ್ಲಿಸಿ. ಹಳೆಯ ಪ್ಲೇಯರುಗಳು ತಡವರಿಸುವುದು ಸಾಮಾನ್ಯವಾಗಿ ಡಿಸ್ಕಿನ ಹೊರ ಅಂಚಿನಲ್ಲಿ. ಟ್ರ್ಯಾಕುಗಳು 99ನ್ನು ಮೀರುವಂತಿಲ್ಲ, ನಿಮಗೆ ಅಷ್ಟು ಬರುವುದೂ ಇಲ್ಲ.

ಜೋಡಿಸುವುದಕ್ಕೂ ಗುರುತು ಹಾಕುವುದಕ್ಕೂ ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿ ಒಂದೇ ಸಾಕು. ಅದು ಸಿ.ಡಿ. ಬರೆಯುವುದಿಲ್ಲ, ಆದರೆ ಬರೆಯುವುದಕ್ಕಿಂತ ಹಿಂದಿನ ಕೆಲಸವೆಲ್ಲ ಅದರಲ್ಲಿ ಆಗುತ್ತದೆ. ಸಮಯ ತೋರಿಸುವ ಜಾಗದಲ್ಲಿ ಸೆಕೆಂಡಿಗೆ 75ರ ಸಿ.ಡಿ. ಫ್ರೇಮುಗಳನ್ನು ಆರಿಸಿ, ಗುರುತು ಹತ್ತಿರದ ಫ್ರೇಮಿಗೆ ತಾನಾಗಿ ಅಂಟಿಕೊಳ್ಳುವಂತೆ ಮಾಡಿದರೆ, ಮೇಲೆ ಮಣಿಪಾಲದವರು ಹೇಳಿದ ‘ಟಕ್’ ಸದ್ದಿನ ಭಯವಿಲ್ಲದೆ ಕತ್ತರಿಸಲೂಬಹುದು. ಗುರುತನ್ನು ಎಲ್ಲಿ ಹಾಕಬೇಕು ಎಂಬುದಕ್ಕೆ ನನ್ನ ಅಭ್ಯಾಸ ಹೇಳುತ್ತೇನೆ. ಭಾಗವತರ ಮೊದಲ ಅಕ್ಷರಕ್ಕೆ ಸರಿಯಾಗಿ ಹಾಕಬೇಡಿ, ಅದಕ್ಕಿಂತ ಅರ್ಧ ಸೆಕೆಂಡು ಹಿಂದೆ, ಶ್ರುತಿಯೊಂದೇ ಕೇಳಿಸುವಲ್ಲಿ ಹಾಕಿ. ಕೆಲವು ಪ್ಲೇಯರುಗಳು ಟ್ರ್ಯಾಕಿಗೆ ನೆಗೆದಾಗ ಮೊದಲ ಕ್ಷಣವನ್ನು ನುಂಗುತ್ತವೆ, ಪದ ತಲೆಯಿಲ್ಲದೆ ಆರಂಭವಾಗುತ್ತದೆ.

ಯಾವ ತಂತ್ರಾಂಶವನ್ನೇ ಆರಿಸಿಕೊಳ್ಳಿ, ಟ್ರ್ಯಾಕುಗಳ ಧ್ವನಿಮಟ್ಟವನ್ನು ಸಮ ಮಾಡುವ ಆಯ್ಕೆ ಅದರಲ್ಲಿದ್ದರೆ ಮೊದಲು ಅದನ್ನು ಆರಿಸಿ. ಅಂದರೆ ದೀಪ ಆರಿಸುವ ಅರ್ಥದಲ್ಲಿ! ಆ ಆಯ್ಕೆ ಬೇರೆ ಬೇರೆ ಚಿತ್ರಗಳ ಹಾಡುಗಳನ್ನು ಒಂದೆಡೆ ಸೇರಿಸುವವರಿಗೆ ಇರುವುದು. ತಾಳಮದ್ದಲೆಯಲ್ಲಿ ಚೆಂಡೆ ಬಿದ್ದಲ್ಲಿ ಧ್ವನಿ ಏರುತ್ತದೆ, ಅರ್ಥಧಾರಿ ಪೀಠಿಕೆಯನ್ನು ತಗ್ಗಿದ ದನಿಯಲ್ಲಿ ತೆಗೆಯುತ್ತಾನೆ. ತಂತ್ರಾಂಶ ಒಂದೊಂದು ಟ್ರ್ಯಾಕನ್ನೂ ಪ್ರತ್ಯೇಕವಾಗಿ ಅಳೆದು ಪದವನ್ನು ತಗ್ಗಿಸಿ ಮಾತನ್ನು ಏರಿಸಿದರೆ, ಟ್ರ್ಯಾಕ್ ಬದಲಾಗುವ ಗಡಿಯಲ್ಲಿ ಧ್ವನಿ ಮೆಟ್ಟಿಲು ಇಳಿದಂತೆ, ಹತ್ತಿದಂತೆ ಆಗುತ್ತದೆ. ಎರಡು ಸೆಕೆಂಡಿನ ಮೌನಕ್ಕಿಂತ ಅದೇ ಹೆಚ್ಚು ಕಿರಿಕಿರಿ. ಮಾತು ತೀರಾ ಕ್ಷೀಣವಾಗಿದ್ದರೆ ಇಡೀ ಕೂಟವನ್ನು ಒಂದಾಗಿ ಹಿಡಿದು ಆಡಾಸಿಟಿಯಲ್ಲಿಯೇ ಸರಿಪಡಿಸಿ, ಆಮೇಲೆ ಗುರುತು ಹಾಕಿ.

ಉಬುಂಟು ಇರುವ ಲ್ಯಾಪ್‌ಟಾಪ್ ಮನೆಯಲ್ಲಿದೆ ಎಂದಿರಿ. ನಾನಾಗಿದ್ದರೆ ಅದರಲ್ಲಿ ಸಿ.ಡಿ. ಬರೆಯುವ ಕೆ3ಬಿ ತಂತ್ರಾಂಶ ಹಾಕಿಕೊಳ್ಳುತ್ತಿದ್ದೆ. ಡಿಸ್ಕ್ ಅಟ್ ಒನ್ಸ್, ಟ್ರ್ಯಾಕಿನಿಂದ ಟ್ರ್ಯಾಕಿಗೆ ಎಷ್ಟು ಅಂತರ ಎಂಬುದು, ಸಿ.ಡಿ. ಟೆಕ್ಸ್ಟ್, ಬರೆಯದೆಯೇ ಬರೆದಂತೆ ನಟಿಸಿ ನೋಡುವ ಪರೀಕ್ಷೆ, ಇವೆಲ್ಲ ಅದರಲ್ಲಿ ಕಣ್ಣಿಗೆ ಕಾಣುವಲ್ಲಿಯೇ ಇವೆ. ಬ್ರಾಸೆರೋ ಎಂಬ ಇನ್ನೊಂದು ಸರಳವಾಗಿದೆ, ನಿಮಗೆ ಸಾಲದು. ವಿಂಡೋಸೇ ಅಭ್ಯಾಸ ಎಂದಾದರೆ ಇಮ್ಗ್‌ಬರ್ನಿನಲ್ಲಿಯೇ ಮುಂದುವರಿಯಿರಿ, ಫಲ ಒಂದೇ.

ಇನ್ನು ಡಿಸ್ಕು. ಸಿ.ಡಿ.-ಆರ್ ಕೊಳ್ಳಿ, ಅಳಿಸಿ ಬರೆಯುವ ಸಿ.ಡಿ.-ಆರ್‌ಡಬ್ಲ್ಯೂ ಬೇಡ. ಅದು ಬೆಳಕನ್ನು ಬಹಳ ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಪ್ಲೇಯರುಗಳು ಓದುವುದಿಲ್ಲ. ವೇಗವನ್ನು 16 ಪಟ್ಟಿನ ಆಸುಪಾಸಿನಲ್ಲಿ ಇಡಿ, ಕೊನೆಗೆ ಡಿಸ್ಕನ್ನು ‘ಫೈನಲೈಸ್’ ಮಾಡುವ, ಅಂದರೆ ಪ್ಲೇಯರ್ ಓದುವಂತೆ ಬರೆಯುವುದನ್ನು ಮುಗಿಸಿ ಮುಚ್ಚುವ, ಆಯ್ಕೆ ಇದೆಯೇ ನೋಡಿ. ಬರೆದ ಮೇಲೆ ಹೆಸರನ್ನು ಬಾಲ್ ಪೆನ್ನಿನಲ್ಲಿ ಗೀಚಬೇಡಿ. ಹೆಸರು ಬರೆಯುವ ಬದಿಯಲ್ಲಿ ತೆಳುವಾದ ಲೇಪದ ಕೆಳಗೇ ಪ್ರತಿಫಲಿಸುವ ಪದರ ಇರುತ್ತದೆ, ಹೊಳೆಯುವ ಬದಿಗಿಂತ ಅದೇ ಹೆಚ್ಚು ಸೂಕ್ಷ್ಮ.

ಸಿ.ಡಿ.ಯನ್ನು ಮೂಲಪ್ರತಿ ಎಂದು ತಿಳಿಯದಿರಿ. ನಮ್ಮ ಕರಾವಳಿಯ ಆಟಿ ತಿಂಗಳ ತೇವದಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಂತೆ ಮನೆಯಲ್ಲಿ ಬರೆದ ಡಿಸ್ಕೂ ಎಷ್ಟು ವರ್ಷ ನಿಂತೀತೆಂಬ ಭರವಸೆ ಇಲ್ಲ. ಕತ್ತರಿಸದ ಪೂರ್ತಿ ಧ್ವನಿಯನ್ನು, ಗುಣಮಟ್ಟ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ರೂಪದಲ್ಲಿ, ಎರಡು ಹಾರ್ಡ್ ಡಿಸ್ಕುಗಳಲ್ಲಿ ಇಡಿ. ಬೂಷ್ಟು ಕಂಡ ಕ್ಯಾಸೆಟ್ಟನ್ನು ನೇರವಾಗಿ ಹಾಕಿದರೆ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟೂ ಮಂಕಾಗಿ ಕೇಳುತ್ತದೆ. ಪ್ರತಿ ಬದಿಗೂ ಮೊದಲು ಹೆಡ್ ಒರೆಸಿ.

ಬ್ರಹ್ಮಾವರದವನು, ಮೂರು ವಾರಗಳ ಅನಂತರ

ಮೂವರಿಗೂ ನಮಸ್ಕಾರ. ಮೊದಲ ಕೂಟದ ಕೆಲಸ ಮುಗಿಯಿತು. ಮೂರು ಕ್ಯಾಸೆಟ್‌ಗಳು ಮೂರು ಸಿ.ಡಿ.ಗಳಲ್ಲಿ ಕುಳಿತವು, ಏಕೆಂದರೆ ಕೊನೆಯ ಬದಿಯಲ್ಲಿ ಹತ್ತು ನಿಮಿಷ ಮಾತ್ರ ತುಂಬಿತ್ತು.

ಕೊನೆಗೆ ಆರಿಸಿಕೊಂಡದ್ದು ಆಡಾಸಿಟಿ ಮತ್ತು ಇಮ್ಗ್‌ಬರ್ನ್. ಕೆ3ಬಿಯನ್ನೂ ನೋಡಿದೆ, ಚೆನ್ನಾಗಿದೆ. ಆದರೆ ಯು.ಎಸ್.ಬಿ. ರೈಟರಿಗೆ ಮಗಳ ಲ್ಯಾಪ್‌ಟಾಪಿನಿಂದ ಸಾಕಷ್ಟು ವಿದ್ಯುತ್ ಸಿಗದೆ ಅದು ನಡುವೆ ನಡುವೆ ಕಣ್ಮರೆಯಾಗುತ್ತಿದ್ದುದರಿಂದ ವಿಂಡೋಸಿಗೇ ಮರಳಿದೆ. ಕ್ಯೂ ಶೀಟ್ ಬರೆಯುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಆಡಾಸಿಟಿಯಲ್ಲಿ ಕಂಡ ನಿಮಿಷ, ಸೆಕೆಂಡು, ಫ್ರೇಮುಗಳನ್ನು ಒಂದು ಹಾಳೆಯಲ್ಲಿ ಗುರುತಿಸಿಕೊಂಡು ನೋಟ್‌ಪ್ಯಾಡಿನಲ್ಲಿ ಹೊಡೆದೆ. ಒಂದು ಡಿಸ್ಕ್ ಮಾತ್ರ ಹಾಳಾಯಿತು: ವೇವ್ ಕಡತದ ಹೆಸರನ್ನು ಬದಲಾಯಿಸಿ, ಕ್ಯೂ ಶೀಟಿನೊಳಗೆ ಬದಲಾಯಿಸಲು ಮರೆತಿದ್ದರಿಂದ, ಅದೇ ಹಳೆಯ ಹೆಸರಿನಲ್ಲಿ ಉಳಿದಿದ್ದ ಕರಡು ಧ್ವನಿಯೇ ಡಿಸ್ಕಿಗೆ ಹೋಯಿತು.

ಅಂತರ ಈಗ ಎಲ್ಲಿಯೂ ಇಲ್ಲ. ಕ್ಯಾಸೆಟ್ಟಿನ ಬದಿ ತಿರುಗಿಸುವಾಗ ಕಳೆದುಹೋದ ಮಾತುಗಳು ಮಾತ್ರ ಕಳೆದೇ ಹೋಗಿವೆ. ಎರಡನೆಯ ಕ್ಯಾಸೆಟ್ಟಿನಲ್ಲಿ ಅರ್ಥಧಾರಿ ಒಂದು ವಾಕ್ಯದ ಕ್ರಿಯಾಪದವನ್ನು ಹೇಳುವ ಮೊದಲೇ ಟೇಪ್ ಮುಗಿದಿದೆ. ಅಲ್ಲಿ ಧ್ವನಿಯನ್ನು ಮೆಲ್ಲಗೆ ಇಳಿಸೋಣವೇ ಎಂದು ದೊಡ್ಡಪ್ಪನನ್ನು ಕೇಳಿದೆ. “ಬೇಡ, ಹಾಗೇ ಇರಲಿ. ಕ್ಯಾಸೆಟ್ ತಿರುಗಿಸಿದ್ದು ನಾನಲ್ವಾ” ಎಂದರು; ಆಮೇಲೆ ಆ ವಾಕ್ಯವನ್ನು ತಾವೇ ಪೂರ್ತಿ ಮಾಡಿ ಹೇಳಿದರು.

ಕನ್ನಡದ ಹೆಸರುಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಡಬ್ಬಿಯೊಳಗೆ ಇಟ್ಟಿದ್ದೇನೆ. ಉಳಿದ ಹನ್ನೊಂದು ಕ್ಯಾಸೆಟ್‌ಗಳಲ್ಲಿ ಎರಡಕ್ಕೆ ಬೂಷ್ಟು ಇದೆ. ಅವನ್ನು ಮಳೆ ಬಿಟ್ಟ ಮೇಲೆ ಕೈಗೆತ್ತಿಕೊಳ್ಳುತ್ತೇನೆ.